ಬಡಾವಣೆ ಗುಂಪಿನ ಅಡ್ಮಿನ್‌ಗೆ ಎಷ್ಟು ಅಧಿಕಾರ ಕೊಡಬೇಕು?

ಜಯನಗರದ ಬಡಾವಣೆ ಗುಂಪಾಗಲಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಗುಂಪಾಗಲಿ, ವಾಟ್ಸಾಪ್‌ನಲ್ಲಿ ಅಡ್ಮಿನ್ ಅಧಿಕಾರವನ್ನು ಪಾಲು ಮಾಡಲಾಗದು: ಅಡ್ಮಿನ್ ಆದವರು ಯಾರೇ ಆಗಲಿ, ಗುಂಪು ಕಟ್ಟಿದವರೊಬ್ಬರನ್ನು ಬಿಟ್ಟು ಯಾರನ್ನಾದರೂ ಹೊರಹಾಕಬಹುದು. ಜಗಳ ಶುರುವಾಗುವುದೇ ಅಲ್ಲಿಂದ. ಸದಸ್ಯರು 200 ದಾಟಿದರೆ ಟೆಲಿಗ್ರಾಂ ವಾಸಿ.

ಅಲ್ಲಿ ಅಡ್ಮಿನ್‌ನ ಒಂದೊಂದು ಹಕ್ಕನ್ನೂ ಬೇರೆಬೇರೆಯಾಗಿ ಕೊಡಬಹುದು. ಅಡ್ಮಿನ್ ಆಗುವ ಹೊಸ ಸ್ವಯಂಸೇವಕರಿಗೆ ಸಂದೇಶ ಅಳಿಸುವ ಹಕ್ಕು ಮಾತ್ರ ಆನ್ ಮಾಡಿ. ಬ್ಯಾನ್ ಮಾಡುವುದು, ಹೊಸ ಅಡ್ಮಿನ್ ಸೇರಿಸುವುದು ಎರಡೂ ಆಫ್ ಇರಲಿ. ಎರಡು ತಿಂಗಳು ನೋಡಿ ಬ್ಯಾನ್ ಹಕ್ಕು ಕೊಡಿ. ಕಾವೇರಿ ನೀರು ಬಾರದ ದಿನ ಮಾತು ಬಿಸಿಯೇರಿದರೆ ಸ್ಲೋ ಮೋಡ್ 5 ನಿಮಿಷಕ್ಕಿಡಿ, ಅಂದರೆ ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದಕ್ಕೆ 5 ನಿಮಿಷ ಕಾಯಬೇಕು. ಅದು ಅಡ್ಮಿನ್‌ಗಳಿಗೆ ತಾಕದು, ಹಾಗಾಗಿ ನೀವೂ ಸ್ವಲ್ಪ ಬಾಯಿ ಬಿಗಿಹಿಡಿಯಬೇಕು.

ಯಾರು ಏನು ಅಳಿಸಿದರೆಂಬುದು ಅಡ್ಮಿನ್‌ಗಳಿಗೆ ಕಾಣುವ ‘ರೀಸೆಂಟ್ ಆಕ್ಷನ್ಸ್’ ದಾಖಲೆಯಲ್ಲಿ 48 ಗಂಟೆ ಮಾತ್ರ ಉಳಿಯುತ್ತದೆ, ತಕರಾರು ಬಂದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ. ವಿಚಾರಣೆ ನಡೆಸಬೇಕಾದವರು ಅಳಿಸಿದವರಲ್ಲ, ಇನ್ನೊಬ್ಬ ಅಡ್ಮಿನ್. ಅಸೋಸಿಯೇಷನ್ ಪದಾಧಿಕಾರಿಗಳಿಗಂತೂ ಅಳಿಸುವ ಹಕ್ಕೇ ಬೇಡ; ಮೇಂಟೆನೆನ್ಸ್ ಲೆಕ್ಕ ಕೇಳಿದ ಸಂದೇಶವೇ ಮೊದಲು ಮಾಯವಾಗುತ್ತದೆ.