ಕೈ ಎತ್ತುವ ಮುನ್ನ

ಹದಿನೇಳು ವರ್ಷ ನಾನು ಜನಪ್ರತಿನಿಧಿಗಳ ಆಪ್ತ ಸಹಾಯಕನಾಗಿದ್ದೆ. ಒಬ್ಬರಾದ ಮೇಲೆ ಒಬ್ಬರಂತೆ ಮೂವರು, ಮೂರು ಪಕ್ಷದವರು. ಟಪಾಲು ಒಡೆಯುವುದು, ಅಹವಾಲು ಬರೆದುಕೊಳ್ಳುವುದು, ಮತದಾನದ ಹಿಂದಿನ ರಾತ್ರಿ ಕಡತದ ಸಾರ ಬರೆದುಕೊಡುವುದು ನನ್ನ ಕೆಲಸ. ಆ ರಾತ್ರಿ ಮೂವರೂ ಕೇಳುತ್ತಿದ್ದದ್ದು ಒಂದೇ ಮಾತು: "ಜನ ಏನನ್ನುತ್ತಾರೆ?" ಹೊಸದಾಗಿ ಗೆದ್ದು ಬಂದವರೂ ಇದನ್ನೇ ಕೇಳುತ್ತಾರೆ. ಉತ್ತರ ಹುಡುಕುವ ಬಗೆಯನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಟಪಾಲನ್ನು ಎಣಿಸಬೇಡಿ, ಓದಿ. ಒಮ್ಮೆ ಚಿಕ್ಕ ಆರೋಗ್ಯ ಕೇಂದ್ರಗಳನ್ನು ಮುಚ್ಚಿ ಒಂದು ದೊಡ್ಡ ಆಸ್ಪತ್ರೆ ಕಟ್ಟುವ ಪ್ರಸ್ತಾವ ಬಂದಿತ್ತು. ಪರವಾಗಿ ಕಟ್ಟುಗಟ್ಟಲೆ ಕಾರ್ಡುಗಳು ಬಂದವು. ಕೈಬರಹ ಬೇರೆ ಬೇರೆ, ಆದರೆ ಎಲ್ಲದರಲ್ಲೂ 'ಅಭಿವೃದ್ದಿ' ಎಂದೇ ಇತ್ತು. ಒತ್ತಕ್ಷರದ ಮಹಾಪ್ರಾಣ ಒಂದರಲ್ಲೂ ಇಲ್ಲ. ಯಾರೋ ಒಬ್ಬರು ಬರೆಸಿದ್ದನ್ನು ನೂರಾರು ಮಂದಿ ನಕಲು ಮಾಡಿದ್ದರು. ಅದೇ ದಿನ ಔಷಧಿ ಚೀಟಿಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಕಾಗದವೂ ಬಂದಿತ್ತು. ತಾಯಿಗೆ ವಾರಕ್ಕೆ ಮೂರು ಇಂಜೆಕ್ಷನ್. ಈಗ ನಡೆದೇ ಹೋಗುತ್ತೇವೆ, ಕೇಂದ್ರ ಮುಚ್ಚಿದರೆ ಎರಡು ಬಸ್ ಬದಲಿಸಬೇಕು, ಆ ಮೂರು ದಿನ ನನಗೆ ಕೂಲಿ ಇಲ್ಲ, ಎಂದು ಮಗಳು ಬರೆದಿದ್ದಳು. ಕಾರ್ಡುಗಳ ಕಟ್ಟಿನಿಂದ ತಿಳಿಯದ ಸಂಗತಿ ಈ ಚೀಟಿಯಲ್ಲಿತ್ತು: ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು.

ಬರೆಯುವವರು, ಕಚೇರಿಗೆ ಬರುವವರು, ಹಾರ ಹಿಡಿದು ನಿಲ್ಲುವವರು ಇಡೀ ಕ್ಷೇತ್ರವಲ್ಲ. ಅಮೆರಿಕದ ರಾಜ್ಯಮಟ್ಟದ ರಾಜಕಾರಣಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡೂ ಪಕ್ಷದವರು ತಮ್ಮ ಮತದಾರರನ್ನು ಇರುವುದಕ್ಕಿಂತ ಹೆಚ್ಚು ಸಂಪ್ರದಾಯವಾದಿಗಳೆಂದು ಭಾವಿಸಿದ್ದು ಕಂಡುಬಂತು. ಜನರ ನಾಡಿ ನನಗೆ ಗೊತ್ತು ಎಂದು ನೀವು ಎದೆ ತಟ್ಟಿಕೊಂಡ ದಿನವೇ, ನಿಮಗೆ ಮತ ಹಾಕದ ಬೀದಿಗೆ ಒಮ್ಮೆ ಹೋಗಿ ಬನ್ನಿ. ಜೊತೆಗೆ ಹಿಂಬಾಲಕರು ಬೇಡ.

ಜನ ಹೇಳಿದಂತೆ ನಡೆಯಬೇಕೋ, ನಿಮ್ಮ ಬುದ್ಧಿಗೆ ತೋಚಿದಂತೆಯೋ? ಜಗಳ ಹಳೆಯದು. 1774ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಇಬ್ಬರು ಗೆದ್ದರು. ಹೆನ್ರಿ ಕ್ರೂಗರ್ ಮತದಾರರ ಆದೇಶ ಪಾಲಿಸುತ್ತೇನೆಂದರು. ಎಡ್ಮಂಡ್ ಬರ್ಕ್, ನಿಮಗೆ ನನ್ನ ದುಡಿಮೆಯಷ್ಟೇ ಅಲ್ಲ, ವಿವೇಚನೆಯೂ ಸಲ್ಲಬೇಕು, ಅದನ್ನು ನಿಮ್ಮ ಅಭಿಪ್ರಾಯಕ್ಕೆ ಬಲಿಕೊಟ್ಟರೆ ಅದು ದ್ರೋಹ ಎಂದರು. ಮುಂದೆ ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸುವುದನ್ನು ಬೆಂಬಲಿಸಿ ಬ್ರಿಸ್ಟಲ್ ವರ್ತಕರ ಸಿಟ್ಟಿಗೆ ಗುರಿಯಾದರು. 1780ರಲ್ಲಿ ಸೋಲು ಖಚಿತವೆಂದು ಕಂಡು ಕಣದಿಂದ ಹಿಂದೆ ಸರಿದರು. ಬರ್ಕ್ ಹೇಳಿದ್ದನ್ನು ನಾನು ಬಹುಪಾಲು ಒಪ್ಪುತ್ತೇನೆ. ಒಪ್ಪದಿರುವುದು ಒಂದೇ: ಅವರು ಕ್ಷೇತ್ರಕ್ಕೆ ಬಂದದ್ದೇ ಅಪರೂಪ. ಜನರ ಮಾತು ಮೀರಿ ನಡೆಯುವವನು ಉಳಿದವರಿಗಿಂತ ಹೆಚ್ಚು ಸಲ ಜನರ ಎದುರು ಹೋಗಿ ನಿಲ್ಲಬೇಕು.

ನನ್ನ ಕಡತದ ಸಾರದ ಕೊನೆಯಲ್ಲಿ ಮೂರು ಸಾಲು ಖಾಲಿ ಬಿಡುತ್ತಿದ್ದೆ, ಪ್ರತಿನಿಧಿಯೇ ತುಂಬಬೇಕೆಂದು. ಈ ವಿಷಯ ಯಾರಿಗೆ ಹೆಚ್ಚು ಗೊತ್ತು? ನಷ್ಟ ಯಾರಿಗೆ? ತಪ್ಪಾದರೆ ತಿದ್ದಬಹುದೇ? ಬಸ್ ಎಲ್ಲಿ ನಿಲ್ಲಬೇಕು, ನೀರು ಎಷ್ಟು ಹೊತ್ತಿಗೆ ಬಿಡಬೇಕು ಎಂಬುದು ದಿನವೂ ಅದನ್ನು ಅನುಭವಿಸುವವರಿಗೆ ಗೊತ್ತು. ಅಲ್ಲಿ ನಿಮ್ಮ ಪಾಂಡಿತ್ಯ ಬೇಡ. ಸಾಲದ ಕರಾರು, ವಿದೇಶಿ ಒಪ್ಪಂದಗಳಂಥ ವಿಷಯದಲ್ಲಿ ಕಡತ ಓದಿರುವವರು ನೀವು. ಅಲ್ಲಿ ಜನರ ಹೆಸರಿನ ಹಿಂದೆ ಅಡಗುವುದು ಸೋಮಾರಿತನ. ಬಹುಮತಕ್ಕೆ ಚಿಕ್ಕ ಲಾಭ, ಕೆಲವರಿಗೆ ಸರಿಪಡಿಸಲಾಗದ ನಷ್ಟ ಎಂದಾದರೆ ಆ ಕೆಲವರ ಕಡೆಗೆ ವಾಲಿ. ಅವರ ಪರವಾಗಿ ಕಾರ್ಡು ಬರೆಸುವವರು ಇರುವುದಿಲ್ಲ.

ಚುನಾವಣೆಯಲ್ಲಿ ಬಾಯಿಬಿಟ್ಟು ಕೊಟ್ಟ ಮಾತಿಗೆ ನೀವು ಬದ್ಧರು. ಹೊಸ ಸಂಗತಿ ಕಂಡು ಮಾತು ಮುರಿಯಲೇಬೇಕಾದರೆ, ಆ ಸಂಗತಿ ಏನೆಂಬುದನ್ನು ಮೊದಲೇ ಹೇಳಿ.

ಇನ್ನು ಪಕ್ಷ. ಜರ್ಮನಿಯ ಸಂವಿಧಾನದ 38ನೇ ವಿಧಿಯ ಪ್ರಕಾರ ಸಂಸದ ಯಾರ ಆದೇಶಕ್ಕೂ ಬದ್ಧನಲ್ಲ, ತನ್ನ ಆತ್ಮಸಾಕ್ಷಿಗೆ ಮಾತ್ರ. ಭಾರತದ ಸಂವಿಧಾನಕ್ಕೆ 1985ರಲ್ಲಿ ಸೇರಿಸಿದ ಹತ್ತನೇ ಅನುಸೂಚಿಯಡಿ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವವೇ ಹೋಗಬಹುದು. ಎಲ್ಲಿದ್ದರೂ ವಿಪ್ ಬರುವ ಮೊದಲೇ ಪಕ್ಷದ ಸಭೆಯಲ್ಲಿ ಜಗಳವಾಡಿ. ಆಮೇಲೆ ಗೊಣಗುವುದರಿಂದ ಯಾರಿಗೂ ಉಪಯೋಗವಿಲ್ಲ. ಆತ್ಮಸಾಕ್ಷಿಯ ಮತವನ್ನು ಚಿಲ್ಲರೆಯಂತೆ ಖರ್ಚು ಮಾಡಲೂ ಬೇಡಿ. 1941ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಜಪಾನ್ ಮೇಲೆ ಯುದ್ಧ ಘೋಷಿಸಿದಾಗ 388 ಮತಗಳ ಎದುರು ಒಂದೇ ಮತ ಹಾಕಿದವರು ಜೆನೆಟ್ ರ‍್ಯಾಂಕಿನ್. 1917ರಲ್ಲೂ ಅವರು ಯುದ್ಧದ ವಿರುದ್ಧವೇ ಮತ ಹಾಕಿದ್ದರು. ಎಷ್ಟು ಬೆಲೆ ತೆರಬೇಕೆಂಬುದು ಎರಡನೆಯ ಸಲ ಅವರಿಗೆ ಚೆನ್ನಾಗಿ ತಿಳಿದಿತ್ತು.

ಆಸ್ಪತ್ರೆಯ ವಿಷಯದಲ್ಲಿ ನಮ್ಮವರು ಪ್ರಸ್ತಾವದ ಪರ ಮತ ಹಾಕಲು ತೀರ್ಮಾನಿಸಿದ್ದರು. ಶಸ್ತ್ರಚಿಕಿತ್ಸೆಗೆ ಒಬ್ಬ ವೈದ್ಯರೂ ಇಲ್ಲದ ಹತ್ತು ಕೇಂದ್ರಗಳಿಗಿಂತ ಒಂದು ಸರಿಯಾದ ಆಸ್ಪತ್ರೆ ಮೇಲು ಎಂಬ ಅವರ ವಾದದಲ್ಲಿ ಹುರುಳಿತ್ತು. ಹಾಗಿದ್ದರೆ ಇದನ್ನು ಆ ಚೀಟಿ ಬರೆದವಳ ಎದುರಿಗೇ ಹೇಳಿ ಬನ್ನಿ ಎಂದೆ. ಸ್ವಲ್ಪ ಗದರಿದರು, ಆದರೆ ಬಂದರು. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ವಿವರಿಸಿದರು. ಮಗಳು ಸುಮ್ಮನಿದ್ದಳು. ಒಳಗಿಂದ ಆ ತಾಯಿ ಕೇಳಿದರು: "ಎಲ್ಲ ಸರಿ ಸ್ವಾಮಿ, ಸೂಜಿ ಚುಚ್ಚುವುದಕ್ಕೂ ದೊಡ್ಡ ಡಾಕ್ಟರೇ ಬೇಕೇ?"

ಕಾರಿನಲ್ಲಿ ಅವರು ಮಾತಾಡಲಿಲ್ಲ. ಕಚೇರಿಗೆ ಬಂದ ಮೇಲೆ ತಿದ್ದುಪಡಿಯ ನಮೂನೆ ತರಲು ಹೇಳಿದರು. ಪ್ರತಿ ಹಳೆಯ ಕೇಂದ್ರದಲ್ಲೂ ಒಂದು ಕೋಣೆ, ಒಬ್ಬ ನರ್ಸ್ ಉಳಿಯಬೇಕು ಎಂದು ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ.