ಎಫ್‌ಸಿಗೆ ಹೋದ ಕಾರು ವಾಪಸ್ ಬಂತಾ? ಹೆಡ್‌ಲೈಟ್ ನೀವೇ ಸರಿ ಮಾಡಿ

ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಸಿ (ನೋಂದಣಿ ಪತ್ರ) ಇನ್ನೈದು ವರ್ಷ ಮುಂದುವರಿಯಬೇಕಾದರೆ ಫಾರಂ 25 ತುಂಬಬೇಕು. ಕಾರನ್ನು ಆರ್‌ಟಿಒಗೆ ಒಯ್ದು, ವಾಹನ ಪರೀಕ್ಷಿಸುವ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಎಫ್‌ಸಿ, ಅಂದರೆ ಫಿಟ್‌ನೆಸ್ ಪರೀಕ್ಷೆ, ಅಂತ ಜನ ಹೇಳುವುದು ಇದಕ್ಕೇ. ನನ್ನ 2009ರ ವ್ಯಾಗನ್‌ಆರ್ ಮೊದಲ ಸಲ ಪಾಸಾಗದೆ ವಾಪಸ್ ಬಂತು. ಕಾರಣ ಮೂರು. ಹೆಡ್‌ಲೈಟ್ ಮಂಕು, ಹ್ಯಾಂಡ್‌ಬ್ರೇಕ್ ಸಡಿಲ, ನಂಬರ್ ಪ್ಲೇಟ್ ಮೇಲಿನ ದೀಪ ಉರಿಯುತ್ತಿಲ್ಲ.

2022ರ ಏಪ್ರಿಲ್‌ನಲ್ಲಿ ಖಾಸಗಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದರ ಮೇಲೆ ಹಸಿರು ತೆರಿಗೆ ಬೇರೆ. ಇಷ್ಟೆಲ್ಲ ಕಟ್ಟಿದವರಿಗೆ ಗ್ಯಾರೇಜಿನಲ್ಲಿ "ಎರಡೂ ಹೆಡ್‌ಲೈಟ್ ಹೊಸದು ಹಾಕ್ಬಿಡಿ ಸಾರ್" ಅಂದರೆ ಹೊಟ್ಟೆ ಉರಿಯುತ್ತದೆ. ಬಹಳಷ್ಟು ಕಾರುಗಳಿಗೆ ಅದರ ಅಗತ್ಯವೇ ಇರುವುದಿಲ್ಲ.

ಮೊದಲು ಸಣ್ಣ ಕೆಲಸ ಮುಗಿಸಿ

ಹಾರ್ನ್, ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್, ರಿವರ್ಸ್ ಲೈಟ್ ಎಲ್ಲ ಒಂದು ಸುತ್ತು ನೋಡಿ. ಸುಟ್ಟ ಬಲ್ಬ್ ಬದಲಿಸಿ. ಟೈರಿನ ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಟೈರ್ ಬದಲಿಸಲೇಬೇಕು.

ಮಂಕು ಒಳಗಿದೆಯಾ, ಹೊರಗಿದೆಯಾ?

ಹೆಡ್‌ಲೈಟಿನ ಮೇಲೆ ಒಂದು ಲೋಟ ನೀರು ಸುರಿಯಿರಿ. ಒದ್ದೆ ಇರುವಷ್ಟು ಹೊತ್ತು ಸ್ಪಷ್ಟವಾಗಿ ಕಂಡರೆ ಮಂಕು ಹೊರಗಿದೆ, ನೀವೇ ತೆಗೆಯಬಹುದು. ಒದ್ದೆಯಾದರೂ ಮಂಕಾಗಿಯೇ ಇದ್ದರೆ ತೇವ ಅಥವಾ ದೂಳು ಒಳಗೆ ಸೇರಿದೆ. ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಒಳಗಿನ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಕಪ್ಪಾಗಿದ್ದರೆ ಅಥವಾ ಸಿಪ್ಪೆ ಎದ್ದಿದ್ದರೆ ಮಾತ್ರ ಹೊಸ ಹೆಡ್‌ಲೈಟ್ ಬೇಕು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ ತೆಗೆದುಕೊಳ್ಳಿ.

ಉಜ್ಜುವುದು: ಎಲ್ಲರೂ ಕೆಡಿಸುವುದು ಇಲ್ಲೇ

ಅಂಬಾಸಡರ್ ಕಾಲದ ಹೆಡ್‌ಲೈಟಿಗೆ ಗಾಜು ಇತ್ತು. ಈಗಿನದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಕಂಪನಿಯವರು ಅದರ ಮೇಲೆ ತೆಳುವಾದ ಒಂದು ಲೇಪ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಆ ಲೇಪ ಸುಟ್ಟು ಹಳದಿಯಾಗುತ್ತದೆ. ಅದನ್ನು ಪೂರ್ತಿ ತೆಗೆದು ಹೊಸ ಲೇಪ ಹಾಕುವುದೇ ನಮ್ಮ ಕೆಲಸ.

ಟೂತ್‌ಪೇಸ್ಟ್ ಹಚ್ಚುವವರನ್ನು ನೋಡಿದಾಗೆಲ್ಲ ಬೇಜಾರಾಗುತ್ತದೆ. ನಾಲ್ಕು ದಿನ ಫಳಫಳ ಅನ್ನುತ್ತದೆ, ಆಮೇಲೆ ಮೊದಲಿನದೇ ಹಳದಿ. ಪೆಟ್ರೋಲ್ ಮತ್ತು ಥಿನ್ನರ್ ಇನ್ನೂ ಕೆಟ್ಟದು, ಪ್ಲಾಸ್ಟಿಕ್ ಒಳಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೊಳ್ಳೆಗೆ ಹಚ್ಚುವ ಕ್ರೀಮಿನಿಂದ ಒರೆಸುವ ವಿಡಿಯೋಗಳೂ ಓಡಾಡುತ್ತಿವೆ. ದಯವಿಟ್ಟು ಬೇಡ. ಅದು ಮೇಲ್ಪದರವನ್ನು ಕರಗಿಸಿ ಅಂಟಂಟು ಮಾಡುತ್ತದೆ.

ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಉಪ್ಪು ಕಾಗದ) ಕೇಳಿ. ನಂಬರ್ ಹೆಚ್ಚಾದಷ್ಟೂ ಕಾಗದ ನಯ. 800, 1000, 1500, 2000 ನಂಬರಿನದು ಒಂದೊಂದು ಹಾಳೆ ಸಾಕು. ಹೆಡ್‌ಲೈಟ್ ಸುತ್ತ ಬಾಡಿ ಮೇಲೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. ಒಂದೇ ಸುತ್ತು ಹಾಕಿದರೆ ಕಾಗದದ ಅಂಚು ತಾಗಿ ಪೇಂಟ್ ಕಿತ್ತು ಬರುತ್ತದೆ. ಕೆಲಸ ನೆರಳಲ್ಲಿ ಮಾಡಿ.

800ರಿಂದ ಶುರು ಮಾಡಿ. ಕಾಗದವನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ನೀರು ಬಿಡುತ್ತಾ, ಎಡದಿಂದ ಬಲಕ್ಕೆ ಮಾತ್ರ ಉಜ್ಜಿ. ಇಳಿದು ಬರುವ ನೀರನ್ನು ಗಮನಿಸಿ. ಮೊದಲು ಅದು ಅರಿಸಿನ ಕಲಸಿದ ಮಜ್ಜಿಗೆಯ ಹಾಗೆ ಹಳದಿಯಾಗಿ ಬರುತ್ತದೆ. ಅದೇ ಹಳೆಯ ಲೇಪ. ನೀರು ಬರೀ ಬಿಳಿಯಾಗುವವರೆಗೆ ನಿಲ್ಲಿಸಬೇಡಿ. ಮೂಲೆಗಳಲ್ಲಿ ಲೇಪ ಉಳಿಯುತ್ತದೆ, ಅಲ್ಲಿ ಬೆರಳಿಂದ ಒತ್ತಿ ಉಜ್ಜಿ.

ಒಣಗಿದಾಗ ಹೆಡ್‌ಲೈಟ್ ಬಾತ್‌ರೂಮ್ ಕಿಟಕಿಯ ಗಾಜಿನ ಹಾಗೆ ಪೂರ್ತಿ ಬೆಳ್ಳಗೆ ಕಾಣುತ್ತದೆ. "ಅಯ್ಯೋ ಹಾಳಾಯ್ತು" ಅಂತ ಹೆದರಿ ಕೈಬಿಡುವುದು ಇಲ್ಲೇ. ಹಾಳಾಗಿಲ್ಲ. ಎಲ್ಲ ಕಡೆ ಒಂದೇ ಸಮ ಬೆಳ್ಳಗಿದ್ದರೆ ಸರಿಯಾಗಿ ಮಾಡಿದ್ದೀರಿ. ನಡುವೆ ಹೊಳೆಯುವ ತೇಪೆ ಉಳಿದಿದ್ದರೆ ಅಲ್ಲಿ ಲೇಪ ಇನ್ನೂ ಇದೆ.

ಈಗ 1000 ಹಿಡಿದು ಮೇಲಿಂದ ಕೆಳಕ್ಕೆ ಉಜ್ಜಿ. ದಿಕ್ಕು ಬದಲಿಸಿದ್ದರಿಂದ 800ರ ಗೀರುಗಳು ಅಡ್ಡಡ್ಡ ಎದ್ದು ಕಾಣುತ್ತವೆ. ಅವು ಪೂರ್ತಿ ಮಾಯವಾಗುವವರೆಗೆ 1500 ಮುಟ್ಟಬೇಡಿ. 1500 ಮತ್ತೆ ಅಡ್ಡಕ್ಕೆ, 2000 ಮತ್ತೆ ಉದ್ದಕ್ಕೆ. ಅವಸರಕ್ಕೆ 800ರಿಂದ ಸೀದಾ 2000ಕ್ಕೆ ಹಾರಿದರೆ ಆಳದ ಗೀರು ಹಾಗೇ ಉಳಿಯುತ್ತದೆ, ರಾತ್ರಿ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಒಂದು ಹೆಡ್‌ಲೈಟಿಗೆ ಒಂದು ಗಂಟೆ ಹಿಡಿಯುತ್ತದೆ, ಹಿಡಿಯಲಿ.

ಕೊನೆಗೆ ಯುವಿ ಲೇಪ, ಅಂದರೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಲೇಪ. ಇದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಯಾಕೆಂದರೆ ಇದ್ದ ರಕ್ಷಣೆಯನ್ನೂ ನೀವೇ ಉಜ್ಜಿ ತೆಗೆದಿದ್ದೀರಿ, ಅಲ್ವಾ? ಬಟ್ಟೆಯಲ್ಲಿ ಒರೆಸಿ ಹಚ್ಚುವಂಥದ್ದು ನನಗೆ ಇಷ್ಟ, ಸ್ಪ್ರೇ ಕೈ ಪಳಗದವರಿಗೆ ಸೋರುತ್ತದೆ. ಡಬ್ಬಿಯ ಮೇಲೆ ಯುವಿ ಅಂತ ಬರೆದಿರಲೇಬೇಕು. ಮರಕ್ಕೆ ಹೊಡೆಯುವ ಸಾದಾ ಲ್ಯಾಕರ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹಚ್ಚುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ಒಂದೇ ದಿಕ್ಕಿಗೆ ಎಳೆಯಿರಿ. ಎಳೆದ ಕಡೆ ಮತ್ತೆ ಕೈ ಹಾಕಬೇಡಿ. ಬಟ್ಟೆ ಹಾದುಹೋದ ಕಡೆಯೆಲ್ಲ ಆ ಬಿಳುಪು ಕಣ್ಣೆದುರೇ ಕರಗಿ ಒಳಗಿನ ಬಲ್ಬ್ ಸ್ಪಷ್ಟವಾಗಿ ಕಾಣುತ್ತದೆ. ಒಂದು ದಿನ ನೀರು, ದೂಳು ತಾಗದ ಹಾಗೆ ಬಿಡಿ.

ಬಲ್ಬ್ ಮತ್ತು ಲೆವೆಲ್

ವ್ಯಾಗನ್‌ಆರ್‌ನಂಥ ಕಾರಿಗೆ ಬಲ್ಬ್ ಎಚ್4 (ಬ್ರೈಟ್, ಡಿಮ್ ಎರಡೂ ಒಂದರಲ್ಲೇ ಇರುವಂಥದ್ದು), 60/55 ವ್ಯಾಟ್ ಹ್ಯಾಲೊಜೆನ್ನೇ ಇರಲಿ. ಅದರ ಗಾಜು ಬೆರಳಿಗೆ ತಾಗಿಸಬೇಡಿ, ಜಿಡ್ಡು ಅಂಟಿದ ಕಡೆ ಬಿಸಿಯಾಗಿ ಬೇಗ ಹೋಗುತ್ತದೆ. 100/90 ವ್ಯಾಟ್ ಹಾಕಿದರೆ ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಸಮತಟ್ಟಾದ ಜಾಗದಲ್ಲಿ, ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಟೈರಿನಲ್ಲಿ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಯಾರಾದರೂ ಕೂತಿರಲಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಗಡೆ ಸ್ವಲ್ಪ ಮೇಲೇರಿರುವುದು ಸಹಜ, ನಾವು ರಸ್ತೆಯ ಎಡಕ್ಕೆ ಓಡಿಸುವವರು. ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ ಹೊಂದಿಸಿ.

ಹ್ಯಾಂಡ್‌ಬ್ರೇಕ್, ಎಮಿಷನ್

ಬ್ರೇಕ್ ಆಯಿಲ್ ಸೋರುತ್ತಿದ್ದರೆ ಕೈ ಹಾಕಬೇಡಿ, ಮೆಕ್ಯಾನಿಕ್ ಹತ್ತಿರ ಹೋಗಿ. ಬರೀ ಕೇಬಲ್ ಸಡಿಲವಾಗಿದ್ದರೆ ಲಿವರ್ ಬುಡದ ನಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಲಿವರ್ ಇಳಿಸಿದ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನದನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ನೋಡಿ.

ಎಮಿಷನ್ ಟೆಸ್ಟ್‌ಗೆ (ಹೊಗೆ ತಪಾಸಣೆಗೆ) ತಣ್ಣಗಿನ ಎಂಜಿನ್ ಒಯ್ಯಬೇಡಿ. ಬಿಎಸ್-3 (ಭಾರತ್ ಸ್ಟೇಜ್ 3 ಹೊಗೆ ನಿಯಮದ) ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 0.5. ಏರ್ ಫಿಲ್ಟರ್ ಹೊಸದು ಹಾಕಿ, ಸ್ಪಾರ್ಕ್ ಪ್ಲಗ್ ಒರೆಸಿ, ಇಪ್ಪತ್ತು ನಿಮಿಷ ಓಡಿಸಿಕೊಂಡು ಸೀದಾ ಹೋಗಿ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಬಾಟಲಿಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಒಳ್ಳೆಯ ಯುವಿ ಲೇಪ ತನ್ನಿ.