ಮುಳುಗಿದ ಕರಾವಳಿಯನ್ನು ನಕ್ಷೆಯ ಮೇಲೆ ಗುರುತಿಸುವ ಬಗೆ

ಹಳೆಯ ಶಿಲಾಯುಗದ ಜನ ಎಲ್ಲೆಲ್ಲಿ ನೆಲೆಸಿದ್ದರು ಎಂಬುದನ್ನು ಇಂದಿನ ಕಡಲತೀರವನ್ನು ನೋಡಿ ಊಹಿಸಿದರೆ ಲೆಕ್ಕ ತಪ್ಪುತ್ತದೆ. ಸುಮಾರು 20,000 ವರ್ಷಗಳ ಹಿಂದೆ, ಅಪಾರ ಪ್ರಮಾಣದ ನೀರು ಹಿಮದ ಹಾಸುಗಳಲ್ಲಿ ಸೆರೆಯಾಗಿದ್ದಾಗ, ಸಮುದ್ರಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗಿನ ತೀರವನ್ನು ಮಡಿಕೇರಿಯ ಯಾವುದೇ ಶಾಲೆಯ ಕಂಪ್ಯೂಟರಿನಲ್ಲಿ ಎಳೆದು ನೋಡಬಹುದು.

ಸಮುದ್ರತಳದ ಆಳವನ್ನು ತಿಳಿಸುವ ಗೆಬ್ಕೊ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ನಕ್ಷೆ ಬರೆಯುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆದು, ಕಾಸರಗೋಡಿನ ಪಶ್ಚಿಮಕ್ಕೆ 120 ಮೀಟರ್ ಆಳದ ಸಮೋನ್ನತಿ ರೇಖೆಯನ್ನು, ಅಂದರೆ ಅಷ್ಟೇ ಆಳದ ಜಾಗಗಳನ್ನು ಜೋಡಿಸುವ ಗೆರೆಯನ್ನು, ಬರೆಸಿರಿ. ಆ ರೇಖೆಗೂ ಇಂದಿನ ತೀರಕ್ಕೂ ನಡುವಿನ ಪಟ್ಟಿ ಆಗ ಒಣನೆಲವಾಗಿತ್ತು. ಖಂಭಾತ್ ಕೊಲ್ಲಿಯ ಕಡೆ ಈ ಪಟ್ಟಿ ಬಹಳ ಅಗಲ, ದಕ್ಷಿಣಕ್ಕೆ ಬಂದಂತೆ ಕಿರಿದು.

ಅನಂತರ ನದಿಯನ್ನು ಹಿಡಿಯಬೇಕು. ಕಾವೇರಿ ಪೂರ್ವಕ್ಕೆ ಹರಿಯುವುದರಿಂದ ಈ ಕೆಲಸಕ್ಕೆ ಒದಗದು; ಕೊಡಗಿನ ಬೆಟ್ಟಗಳಿಂದ ಸಂಪಾಜೆಯ ಕಡೆ ಇಳಿದು, ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುವ ಪಯಸ್ವಿನಿಯನ್ನು ಆರಿಸಿಕೊಳ್ಳಿರಿ. ಕಡಲು ಹಿಂದೆ ಸರಿದಿದ್ದಾಗ ಆ ನೀರು ಬಯಲಾದ ನೆಲದ ಮೇಲೆ ಮುಂದುವರಿದು ಹರಿಯಲೇಬೇಕಿತ್ತು. ಹಳೆಯ ಪಾತ್ರ ಹೂಳಿನಡಿ ಮುಚ್ಚಿಹೋಗಿರಬಹುದಾದ್ದರಿಂದ ಅದನ್ನು ಚುಕ್ಕಿಗೆರೆಯಲ್ಲಿಯೇ ತೋರಿಸಿರಿ. ಸಿಹಿನೀರು, ಮೀನು, ಚಿಪ್ಪು, ಬೇಟೆ ಎಲ್ಲವೂ ಒಂದೆಡೆ ದೊರೆಯುವ ಅಳಿವೆಯೇ, ಅಂದರೆ ನದಿ ಆಗಿನ ಕಡಲನ್ನು ಸೇರುತ್ತಿದ್ದ ಜಾಗವೇ, ವಾಸಕ್ಕೆ ಅತ್ಯಂತ ಅನುಕೂಲದ ಜಾಗವೆಂದು ನನ್ನ ಎಣಿಕೆ. ಅದಕ್ಕೆ ಬೇರೆ ಬಣ್ಣ ಕೊಡಿರಿ. ಪಾಂಡುಪಾರೆಗಳನ್ನು ಮಾತ್ರ ಈ ನಕ್ಷೆಗೆ ಸೇರಿಸಬೇಡಿರಿ, ಏಕೆಂದರೆ ಆ ಕಲ್ಲುಗೋರಿಗಳು ಬಹಳ ಈಚಿನ ಬೃಹತ್ ಶಿಲಾಯುಗದವು.

ತೀರದಲ್ಲಿ ನೆಲೆಗಳ ಕುರುಹು ವಿರಳವೆಂಬ ಕಾರಣಕ್ಕೆ ಅಲ್ಲಿ ಜನರಿರಲಿಲ್ಲವೆಂದು ತೀರ್ಮಾನಿಸುವುದು ಆತುರವಾದೀತು. ಫ್ರಾನ್ಸಿನ ಮಾರ್ಸೇಲ್ ಬಳಿಯ ಕೋಸ್ಕೆ ಗುಹೆಯ ಬಾಯಿ ಇಂದು 37 ಮೀಟರ್ ನೀರಿನಡಿಯಲ್ಲಿದೆ. ಒಳಗೆ, ನೀರು ತಲುಪದ ಗೋಡೆಗಳ ಮೇಲೆ, ಕುದುರೆಗಳ ಜೊತೆಗೆ ಸೀಲ್ ಪ್ರಾಣಿಗಳ ಚಿತ್ರಗಳೂ ಉಳಿದಿವೆ. ಬಿಡಿಸಿದವರು ಒಣನೆಲದ ಮೇಲೆ ನಡೆದು ಬಂದವರು; ಕಡಲಂತೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯದಾಗಿ, ಪಟ್ಟಿಯ ಅಗಲವನ್ನು 120ರಿಂದ ಭಾಗಿಸಿರಿ. ಅಗಲ 60 ಕಿಲೋಮೀಟರ್ ಬಂದರೆ, ನೀರು ಒಂದು ಮೀಟರ್ ಏರಿದಾಗ ತೀರವು ಸರಾಸರಿ 500 ಮೀಟರ್ ಒಳಕ್ಕೆ ಸರಿದಿರುತ್ತದೆ. ಸುಮಾರು 14,500 ವರ್ಷಗಳ ಹಿಂದೆ ಕೆಲವೇ ಶತಮಾನಗಳಲ್ಲಿ ಸಮುದ್ರಮಟ್ಟ ಹದಿನೈದು ಮೀಟರಿನಷ್ಟು ಏರಿತೆಂದು ಹಿಡಿದರೆ, ಅದೇ ಲೆಕ್ಕದಲ್ಲಿ ಅಳಿವೆಯ ಬೀಡುಗಳು ಏಳೂವರೆ ಕಿಲೋಮೀಟರ್ ಒಳನಾಡಿಗೆ ಸರಿಯಬೇಕಾಯಿತು.